ನಮ್ಮ ಕ್ಷೇತ್ರದ ಹೆಸರಲ್ಲಿ ನಮ್ಮ ಊರಿಲ್ಲ: ಕ್ಷೇತ್ರ ಮರುವಿಂಗಡಣಾ ಆಯೋಗಕ್ಕೆ ಒಂದು ಬಹಿರಂಗ ಪತ್ರ

ಮುಂದಿನ ಕ್ಷೇತ್ರ ಮರುವಿಂಗಡಣಾ ಆಯೋಗದ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ನಾನು ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕಿ. ಹುಟ್ಟಿದ್ದು ಕನಕಪುರ ತಾಲ್ಲೂಕಿನ ಸಾತನೂರು ಹೋಬಳಿಯ ಒಂದು ಹಳ್ಳಿಯಲ್ಲಿ. ಪಾಠ ಮಾಡಿದ್ದು ಹೆಚ್ಚಾಗಿ ರಾಮನಗರ, ಬಿಡದಿ ಸುತ್ತಮುತ್ತ. ಈಗ ಮಗಳ ಮನೆಯಲ್ಲಿದ್ದೇನೆ, ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ. ಹುಟ್ಟಿದ ಊರು, ಅನ್ನ ಕೊಟ್ಟ ಊರು, ಈಗ ಇರುವ ಊರು ಮೂರೂ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ. ಅದರ ಹೆಸರು ಬೆಂಗಳೂರು ಗ್ರಾಮಾಂತರ. ಆದರೆ ನನ್ನ ತಂಗಿ ಇರುವ ಕೆಂಗೇರಿ ಉಪನಗರ ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಅವಳಿಗೆ ಬೇರೆ ಸಂಸದರು. ಅರವತ್ತು ಕಿಲೋಮೀಟರಿಗೂ ಆಚೆ ಇರುವ ನನ್ನ ಅಣ್ಣನಿಗೂ ನನಗೂ ಒಬ್ಬರೇ ಸಂಸದರು.

ಜನಗಣತಿ ಮುಗಿದ ಮೇಲೆ ಲೋಕಸಭಾ, ವಿಧಾನಸಭಾ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆಯುವ ಕೆಲಸ ನಿಮ್ಮ ಕೈಗೆ ಬರುತ್ತದೆ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಹೇಳಲು ಸಿಗುವ ದಿನಗಳು ಕಡಿಮೆ. ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂತೆಂದರೆ ಅದಕ್ಕೆ ಕಾನೂನಿನ ಬಲ ಇರುತ್ತದೆ. ಕಳೆದ ಸಲ ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೇ ಈ ಸಲ ಮೊದಲೇ ಬರೆಯುತ್ತಿದ್ದೇನೆ.

ನಮ್ಮ ಕ್ಷೇತ್ರ ಹೇಗಿದೆ ಅಂತ ತಿಳಿಯಲು ನಕ್ಷೆಗಿಂತ ಬಸ್ಸು ಒಳ್ಳೆಯದು. ಕೆ.ಆರ್. ಮಾರ್ಕೆಟ್‌ನಲ್ಲಿ ಬಿಡದಿ ಕಡೆಯ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತುಕೊಳ್ಳಿ. ಮಾರ್ಕೆಟ್ ಇರುವುದು ಚಾಮರಾಜಪೇಟೆ ವಿಧಾನಸಭಾ ಕ್ಷೇತ್ರದಲ್ಲಿ. ಅದು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಸಿರ್ಸಿ ಸರ್ಕಲ್ ದಾಟಿ ನಾಯಂಡಹಳ್ಳಿಗೆ ಬಂದರೆ ಗೋವಿಂದರಾಜನಗರ. ಅದು ಬೆಂಗಳೂರು ದಕ್ಷಿಣ. ಸ್ವಲ್ಪ ಮುಂದೆ ಹೋದರೆ ಎಡಗಡೆ ರಾಜರಾಜೇಶ್ವರಿನಗರದ ಆರ್ಚ್ ಕಾಣುತ್ತದೆ. ಅಲ್ಲಿಂದ ಬೆಂಗಳೂರು ಗ್ರಾಮಾಂತರ. ಜ್ಞಾನಭಾರತಿ ದಾಟಿ ಕೆಂಗೇರಿಗೆ ಬಂದರೆ ಯಶವಂತಪುರ ವಿಧಾನಸಭಾ ಕ್ಷೇತ್ರ, ಅಂದರೆ ಬೆಂಗಳೂರು ಉತ್ತರ. ಕೆಂಗೇರಿ ಊರಿನ ಯಾವ ದಿಕ್ಕಿಗಿದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ನಿಂತವರು ಲೋಕಸಭೆಗೆ ಉತ್ತರದವರಾಗಿ ಓಟು ಹಾಕುತ್ತಾರೆ. ಕುಂಬಳಗೋಡು ಕಳೆದು ಬಿಡದಿ ಬಂತು. ತಟ್ಟೆ ಇಡ್ಲಿ ಅಂಗಡಿಗಳು ಶುರುವಾಗುವ ಹೊತ್ತಿಗೆ ನೀವು ಮಾಗಡಿ ವಿಧಾನಸಭಾ ಕ್ಷೇತ್ರದಲ್ಲಿರುತ್ತೀರಿ. ಮತ್ತೆ ಬೆಂಗಳೂರು ಗ್ರಾಮಾಂತರ.

ಒಂದೇ ರಸ್ತೆ, ಒಂದೇ ಟಿಕೆಟ್, ಮೂವತ್ತು ಚಿಲ್ಲರೆ ಕಿಲೋಮೀಟರ್. ಅದರಲ್ಲಿ ನಾಲ್ಕು ಲೋಕಸಭಾ ಕ್ಷೇತ್ರ. ಒಂದು ಕ್ಷೇತ್ರದೊಳಗೆ ಎರಡು ಸಲ ಹೋಗಿ ಬಂದಿರುತ್ತೀರಿ.

ಇದು ಮೊದಲಿನಿಂದ ಹೀಗಿರಲಿಲ್ಲ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಹಳೆ ಮೈಸೂರು ರಾಜ್ಯದ ಬೆಂಗಳೂರು ಭಾಗಕ್ಕೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂಬ ಎರಡು ಕ್ಷೇತ್ರಗಳಿದ್ದವು. 1967ರ ಚುನಾವಣೆಯ ಹೊತ್ತಿಗೆ ನಮ್ಮ ಕಡೆಗೆ ಒಂದು ಸ್ವಂತ ಹೆಸರು ಬಂತು. ಕನಕಪುರ ಲೋಕಸಭಾ ಕ್ಷೇತ್ರ. ನಮ್ಮ ಅಜ್ಜಿ ಊರನ್ನು ಕಾನಕಾನಹಳ್ಳಿ ಅಂತಲೇ ಕರೆಯುತ್ತಿದ್ದರು. ಅವರ ಕಾಲಕ್ಕೆ ಕನಕಪುರ ಅನ್ನುವುದೇ ಹೊಸ ಹೆಸರು. ಆದರೂ ಅದು ಸಂತೆಗೆ ಹೋಗುವ ಊರಿನ ಹೆಸರು, ತಾಲ್ಲೂಕು ಕಚೇರಿ ಇರುವ ಊರಿನ ಹೆಸರು. ದೆಹಲಿಗೆ ಹೋಗುವವರು ಎಲ್ಲಿಯವರು ಅಂತ ಕೇಳಿದರೆ ಕೈ ತೋರಿಸಿ ಹೇಳಬಹುದಿತ್ತು.

1967ರಲ್ಲಿ ಎಂ.ವಿ. ರಾಜಶೇಖರನ್ ಅಲ್ಲಿಂದ ಗೆದ್ದರು. 1971ರಲ್ಲಿ ಸಿ.ಕೆ. ಜಾಫರ್ ಷರೀಫ್. ಆಮೇಲೆ ಎಂ.ವಿ. ಚಂದ್ರಶೇಖರಮೂರ್ತಿ ಅವರದ್ದು ದೊಡ್ಡ ಕಾಲ. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮೊದಲ ಸಲ ಲೋಕಸಭೆಗೆ ಹೋಗಿದ್ದು ಕನಕಪುರದಿಂದ. 2002ರ ಉಪಚುನಾವಣೆಯನ್ನು ನಮ್ಮ ಕಡೆಯವರು ಇವತ್ತಿಗೂ ಮರೆತಿಲ್ಲ. ಹಿಂದೆ ಪ್ರಧಾನಿ ಆಗಿದ್ದ ಎಚ್.ಡಿ. ದೇವೇಗೌಡರು ಒಂದು ಕಡೆ, ಡಿ.ಕೆ. ಶಿವಕುಮಾರ್ ಇನ್ನೊಂದು ಕಡೆ. ಗೆದ್ದವರು ಗೌಡರು. ಎರಡೇ ವರ್ಷಕ್ಕೆ, 2004ರಲ್ಲಿ, ಪತ್ರಕರ್ತೆಯಾಗಿದ್ದ ತೇಜಸ್ವಿನಿ ಅದೇ ಗೌಡರನ್ನು ಅದೇ ಕ್ಷೇತ್ರದಲ್ಲಿ ಸೋಲಿಸಿದರು. ಯಾರು ಗೆದ್ದರು, ಯಾರು ಸೋತರು ಅನ್ನುವುದು ಈ ಪತ್ರದ ವಿಷಯವಲ್ಲ. ಕನಕಪುರ ಅನ್ನುವ ಹೆಸರು ದೇಶದ ಪತ್ರಿಕೆಗಳಲ್ಲಿ ಬರುತ್ತಿತ್ತು, ಅದನ್ನು ಓದಿ ನಮ್ಮ ಹಳ್ಳಿಯ ಹುಡುಗರು ಹಿಗ್ಗುತ್ತಿದ್ದರು. ಅದನ್ನು ಹೇಳಲು ಇಷ್ಟು ಬರೆದೆ.

2004ರದ್ದೇ ಕನಕಪುರ ಲೋಕಸಭಾ ಕ್ಷೇತ್ರದ ಕೊನೆಯ ಚುನಾವಣೆ ಆಯಿತು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ನೇತೃತ್ವದ ಆಯೋಗ 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಗೆರೆಗಳನ್ನು ಬದಲಿಸಿತು. ಅದಕ್ಕೆ ಮುಂಚೆ ಇದ್ದ ಗೆರೆಗಳು 1971ರ ಜನಗಣತಿಯವು. ಮೂವತ್ತು ವರ್ಷದಲ್ಲಿ ಬೆಂಗಳೂರು ಎಷ್ಟು ಬೆಳೆಯಿತು ಅಂತ ನೆನೆಸಿಕೊಳ್ಳಿ. ಹಳೆಯ ಕನಕಪುರ ಲೋಕಸಭೆಯ ಒಳಗೆ ಉತ್ತರಹಳ್ಳಿ ಅಂತ ಒಂದು ವಿಧಾನಸಭಾ ಕ್ಷೇತ್ರವಿತ್ತು. ಅದರಲ್ಲಿ ಲೇಔಟ್ ಮೇಲೆ ಲೇಔಟ್ ಬಂದು ಮತದಾರರ ಸಂಖ್ಯೆ ರಾಜ್ಯದಲ್ಲೇ ಅತಿ ದೊಡ್ಡದಾಗಿತ್ತು. ಅದನ್ನು ಒಡೆಯಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಉತ್ತರಹಳ್ಳಿ ಹೋಯಿತು, ಅದರ ಜಾಗದಲ್ಲಿ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಪದ್ಮನಾಭನಗರ, ಬೊಮ್ಮನಹಳ್ಳಿಯಂಥ ಹೊಸ ಹೆಸರುಗಳು ಬಂದವು. ನಗರಕ್ಕೆ ಸ್ಥಾನ ಹೆಚ್ಚಾದಾಗ ಹಳ್ಳಿಗಳ ಕಡೆ ಕಡಿಮೆ ಆಗಲೇಬೇಕಲ್ಲವೇ? ಕಡಿಮೆ ಆದದ್ದರಲ್ಲಿ ನನ್ನ ಸಾತನೂರೂ ಒಂದು. 1985ರಲ್ಲಿ ದೇವೇಗೌಡರು ಗೆದ್ದು, ಶಿವಕುಮಾರ್ ಸೋತ ಸಾತನೂರು. 1989ರಿಂದ ಶಿವಕುಮಾರ್ ಮತ್ತೆ ಮತ್ತೆ ಗೆದ್ದ ಸಾತನೂರು. ಆ ವಿಧಾನಸಭಾ ಕ್ಷೇತ್ರ 2008ರಲ್ಲಿ ಇಲ್ಲವಾಯಿತು.

ಲೋಕಸಭೆಯ ಮಟ್ಟದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳನ್ನು ಸೇರಿಸಿ ಹೊಸ ಕ್ಷೇತ್ರ ಮಾಡಿದರು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರ ಮತ್ತು ತುಮಕೂರು ಜಿಲ್ಲೆಯ ಕುಣಿಗಲ್. ಸಂಖ್ಯೆ 23. ಹೆಸರು ಬೆಂಗಳೂರು ಗ್ರಾಮಾಂತರ.

2009ರ ಏಪ್ರಿಲ್‌ನಲ್ಲಿ ನನಗೆ ರಾಮನಗರ ಕಡೆಯ ಒಂದು ಹಳ್ಳಿಯಲ್ಲಿ ಚುನಾವಣಾ ಕೆಲಸ ಬಿದ್ದಿತ್ತು. ಬೆರಳಿಗೆ ಶಾಯಿ ಹಚ್ಚುವ ಕೆಲಸ. ಬೆಳಗ್ಗೆ ಎಂಟೂವರೆ ಹೊತ್ತಿಗೆ ಒಬ್ಬ ಯಜಮಾನರು ಬಂದರು. ರೇಷ್ಮೆ ಬೆಳೆಗಾರರು ಇರಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈ, ಉಗುರಿನ ಸಂದಿಯೆಲ್ಲ ಹಸಿರು. ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮೊಮ್ಮಗ ಓದಿ ಹೇಳಿದ್ದ. ಅವರು ಎಡಗೈ ಚಾಚಿ ನಿಂತು ನನ್ನನ್ನು ಕೇಳಿದರು: “ಅಮ್ಮಾ, ಇದು ಬೆಂಗಳೂರಿನ ಓಟಂತಲ್ಲ. ನಮ್ ಕನಕಪುರದ ಓಟು ಯಾವತ್ತು?” ಇದೇ ಅದು ಅಂತ ಹೇಳಿದೆ. ನಂಬಲಿಲ್ಲ. ಪ್ರಿಸೈಡಿಂಗ್ ಆಫೀಸರ್ ಎದ್ದು ಬಂದು ಹೇಳಿದ ಮೇಲೆ ಒಳಗೆ ಹೋದರು. ಶಾಯಿ ಒಣಗುವ ತನಕ ಬೆರಳು ನೋಡುತ್ತಾ ನಿಂತಿದ್ದರು.

ಅದಾಗಿ ಹದಿನೈದು ವರ್ಷದ ಮೇಲೆ, 2024ರ ಚುನಾವಣೆಗೆ ಮುಂಚೆ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಒಬ್ಬ ಹುಡುಗಿ ಸಿಕ್ಕಳು. ಸಾಫ್ಟ್‌ವೇರ್ ಕೆಲಸ, ತುಂಬ ಓದಿದವಳು. “ಆಂಟಿ, ನಾವು ಬೆಂಗಳೂರು ಸೌತ್ ಅಲ್ವಾ?” ಅಂದಳು. ಅಲ್ಲಮ್ಮ, ಗ್ರಾಮಾಂತರ ಅಂದೆ. ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಅವಳ ವೋಟರ್ ಕಾರ್ಡಿನಲ್ಲೂ ನನ್ನದರಲ್ಲೂ ವಿಧಾನಸಭಾ ಕ್ಷೇತ್ರದ ಹೆಸರಿದೆ, ಲೋಕಸಭೆಯದು ಇಲ್ಲ. ಮತದಾರರ ಪಟ್ಟಿಯ ಮೊದಲ ಪುಟ ತೆಗೆದು ತೋರಿಸಿದ ಮೇಲೆ ಒಪ್ಪಿಕೊಂಡಳು.

ಹಳ್ಳಿಯ ಯಜಮಾನರು ತಮ್ಮನ್ನು ಬೆಂಗಳೂರಿಗೆ ಸೇರಿಸಿದ್ದು ಯಾಕೆ ಅಂತ ಕೇಳುತ್ತಾರೆ. ನಗರದ ಹುಡುಗಿ ತನ್ನನ್ನು ಗ್ರಾಮಾಂತರ ಅಂದಿದ್ದು ಯಾಕೆ ಅಂತ ಕೇಳುತ್ತಾಳೆ. ಇಬ್ಬರಿಗೂ ಇದು ತಮ್ಮ ಕ್ಷೇತ್ರ ಅನ್ನಿಸಿಲ್ಲ. ತನ್ನ ಸಂಸದರು ಯಾರು ಅಂತಲೇ ಗೊತ್ತಿಲ್ಲದವರು ಯಾರನ್ನು ಪ್ರಶ್ನೆ ಕೇಳಬೇಕು? ನನ್ನ ಪತ್ರದ ಸಂಕಟ ಇದು.

ಹೆಸರಿನ ಗೋಜಲನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಸ್ವಲ್ಪ ತಾಳ್ಮೆಯಿಂದ ಓದಿ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಮಾಡಿದರು. ಆಗ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಎಲ್ಲ ಆ ಜಿಲ್ಲೆಯಲ್ಲಿದ್ದವು. 2007ರ ಆಗಸ್ಟ್‌ನಲ್ಲಿ ಈ ನಾಲ್ಕು ತಾಲ್ಲೂಕು ಬೇರೆಯಾಗಿ ರಾಮನಗರ ಜಿಲ್ಲೆ ಹುಟ್ಟಿತು. ಗ್ರಾಮಾಂತರ ಜಿಲ್ಲೆಗೆ ಉಳಿದದ್ದು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಕೆಲವೇ ತಿಂಗಳ ಮೇಲೆ, 2008ರ ಫೆಬ್ರವರಿಯಲ್ಲಿ, ಆಯೋಗದ ಆದೇಶ ಜಾರಿಗೆ ಬಂತು. ಅದರ ಪ್ರಕಾರ ಗ್ರಾಮಾಂತರ ಜಿಲ್ಲೆಗೆ ಉಳಿದ ಆ ನಾಲ್ಕೂ ತಾಲ್ಲೂಕುಗಳ ವಿಧಾನಸಭಾ ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭೆಗೆ ಸೇರಿದವು.

ಹಾಗಾಗಿ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ವಿಧಾನಸಭಾ ಕ್ಷೇತ್ರವೂ ಇಲ್ಲ. ಒಂದೂ ಇಲ್ಲ. ಈ ಹೆಸರಿನ ಕ್ಷೇತ್ರಕ್ಕೆ ನಾಮಪತ್ರ ಹಾಕುವುದು ರಾಮನಗರದಲ್ಲಿ. ಅತ್ತ ತುಮಕೂರು ರಸ್ತೆಯಲ್ಲಿ, ಬೆಂಗಳೂರಿನ ಹೊಸ್ತಿಲಲ್ಲೇ ಇರುವ ನೆಲಮಂಗಲದವರು ಚಿಕ್ಕಬಳ್ಳಾಪುರದ ಸಂಸದರನ್ನು ಆರಿಸುತ್ತಾರೆ.

ಇಲ್ಲಿಗೆ ಮುಗಿಯಲಿಲ್ಲ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರು ಬದಲಾಯಿತು. ಈಗ ಬೆಂಗಳೂರು ದಕ್ಷಿಣ ಅಂದರೆ ಏನು? ಜಯನಗರ, ಬಸವನಗುಡಿ ಇರುವ ಲೋಕಸಭಾ ಕ್ಷೇತ್ರ ಒಂದು. ನಮ್ಮ ಗ್ರಾಮಾಂತರ ಲೋಕಸಭೆಯ ಒಳಗಿರುವ ವಿಧಾನಸಭಾ ಕ್ಷೇತ್ರ ಒಂದು. ಬೆಂಗಳೂರು ನಗರ ಜಿಲ್ಲೆಯ ತಾಲ್ಲೂಕು ಒಂದು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದ ಮೇಲೆ ಆದ ಐದು ನಗರಪಾಲಿಕೆಗಳಲ್ಲಿ ದಕ್ಷಿಣದ್ದು ಒಂದು. ಈಗ ರಾಮನಗರ, ಮಾಗಡಿ, ಚನ್ನಪಟ್ಟಣ, ಕನಕಪುರ ಸೇರಿದ ಜಿಲ್ಲೆ ಒಂದು. ಅದೇ ವರ್ಷ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡಲು ತೀರ್ಮಾನಿಸಿತು. ಅದು ಎಲ್ಲ ಕಡೆ ಬಳಕೆಗೆ ಬಂದರೆ ಗ್ರಾಮಾಂತರ ಅನ್ನುವ ಹೆಸರಿನ ಜಿಲ್ಲೆ ಉಳಿಯುವುದಿಲ್ಲ, ಲೋಕಸಭಾ ಕ್ಷೇತ್ರ ಮಾತ್ರ ಉಳಿಯುತ್ತದೆ.

ಜಿಲ್ಲೆಯ ಹೆಸರು ರಾಜ್ಯ ಸರ್ಕಾರದ ವಿಷಯ, ನಿಮ್ಮದಲ್ಲ. ಗೊತ್ತು. ಆದರೆ ಕ್ಷೇತ್ರದ ಹೆಸರು ನಿಮ್ಮದೇ. ನಾಲ್ಕನೇ ತರಗತಿ ಮಕ್ಕಳಿಗೆ ಜಿಲ್ಲೆ, ತಾಲ್ಲೂಕು, ಕ್ಷೇತ್ರ ಅಂತ ಪಾಠ ಮಾಡಿದವಳು ನಾನು. ಮಗು ನಕ್ಷೆ ಮೇಲೆ ಬೆರಳಿಟ್ಟು ತನ್ನ ಊರು ಹುಡುಕುತ್ತದೆ. ಅದಕ್ಕೆ ಸಿಗಬೇಕು.

ಇನ್ನು ಗೆರೆಯ ವಿಷಯ. ಇದರಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ ಸಂಗತಿ ವೃಷಭಾವತಿ.

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಹುಟ್ಟುತ್ತದೆ ಅಂತ ಹೆಸರು ಪಡೆದ ಹೊಳೆ. ಮಲ್ಲೇಶ್ವರದ ಕಡೆಯಿಂದಲೂ ಒಂದು ಕವಲು ಬಂದು ಸೇರುತ್ತದೆ. ಮೈಸೂರು ರಸ್ತೆ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿ ಹೋಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಹೋಗಿ ಕನಕಪುರದ ಕಡೆ ಅರ್ಕಾವತಿಗೆ ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಈಗ ವೃಷಭಾವತಿಯಲ್ಲಿ ಹರಿಯುವುದು ಹೆಚ್ಚಾಗಿ ಬೆಂಗಳೂರಿನ ಮನೆಗಳ ಕೊಳಚೆ, ಕಾರ್ಖಾನೆಗಳ ನೀರು. ಬೈರಮಂಗಲದ ಸುತ್ತ ಪಾಠ ಮಾಡುತ್ತಿದ್ದ ದಿನಗಳಲ್ಲಿ ಗಾಳಿ ಈ ಕಡೆ ಬೀಸಿದರೆ ತರಗತಿಯ ಕಿಟಕಿ ಹಾಕುತ್ತಿದ್ದೆವು. ಕೋಡಿ ಹತ್ತಿರ ನೊರೆ ಆಳೆತ್ತರ ನಿಂತಿರುತ್ತಿತ್ತು. ಮಕ್ಕಳು ಅದನ್ನು ಮೋಡ ಅನ್ನುತ್ತಿದ್ದರು. ಒಂದು ಮಗು ಕಾಲು ತೊಳೆದುಕೊಂಡು ಬಂದು ವಾರಗಟ್ಟಲೆ ತುರಿಸಿಕೊಳ್ಳುತ್ತಿದ್ದುದು ಕಣ್ಣ ಮುಂದಿದೆ.

ಈ ಹೊಳೆ ಹರಿಯುವ ದಾರಿಯಲ್ಲಿ ಲೋಕಸಭಾ ಗೆರೆಗಳನ್ನು ಇಟ್ಟು ನೋಡಿ. ಬಸವನಗುಡಿ ದಕ್ಷಿಣದಲ್ಲಿ. ಮಲ್ಲೇಶ್ವರ ಉತ್ತರದಲ್ಲಿ. ರಾಜರಾಜೇಶ್ವರಿನಗರ ಗ್ರಾಮಾಂತರದಲ್ಲಿ. ಕೆಂಗೇರಿ ಮತ್ತೆ ಉತ್ತರದಲ್ಲಿ. ಬೈರಮಂಗಲ ಗ್ರಾಮಾಂತರದಲ್ಲಿ. ಹೊಲಸು ಸೇರಿಸುವವರು ಮೂರು ಕ್ಷೇತ್ರದವರು, ಅದನ್ನು ಉಣ್ಣುವವರು ಒಂದು ಕ್ಷೇತ್ರದವರು. ಬೈರಮಂಗಲದ ರೈತ ತನ್ನ ಸಂಸದರನ್ನು ಕೇಳಿದರೆ, ಅವರು ಇನ್ನೂ ಇಬ್ಬರ ಹತ್ತಿರ ಮಾತಾಡಬೇಕು. ಇದರಲ್ಲಿ ಯಾವ ಸಂಸದರದ್ದೂ ತಪ್ಪು ಅಂತ ನಾನು ಹೇಳುವುದಿಲ್ಲ. ಒಬ್ಬರೇ ಉತ್ತರ ಹೇಳಬೇಕಾದ ಕಡೆ ಮೂರು ಜನ ಇದ್ದರೆ ಉತ್ತರ ಬರುವುದು ತಡವಾಗುತ್ತದೆ, ಅಷ್ಟೆ.

ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳು ಇದನ್ನು ಒಪ್ಪುವುದಿಲ್ಲ. ಊರೂ ನಗರವೂ ಒಂದೇ ಕ್ಷೇತ್ರದಲ್ಲಿದ್ದರೆ ಒಳ್ಳೆಯದೇ ಅಲ್ವಾ, ಸಂಸದರು ಎರಡೂ ಕಡೆಯ ಕಷ್ಟ ನೋಡುತ್ತಾರೆ ಅನ್ನುತ್ತಾಳೆ. ನಾನೂ ತುಂಬ ದಿನ ಹಾಗೇ ಅಂದುಕೊಂಡಿದ್ದೆ. ಅದರಲ್ಲಿ ಸತ್ಯವೂ ಇದೆ. ಕನಕಪುರದ ರೈತನ ಮಗ ಜಿಗಣಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ರಾಮನಗರದ ಗೂಡು ರೇಷ್ಮೆಯಾಗಿ ಸೀರೆಯಾಗಿ ಚಿಕ್ಕಪೇಟೆಗೆ ಹೋಗುತ್ತದೆ. ಊರು ಬೇರೆ, ನಗರ ಬೇರೆ ಅಂತ ಗೋಡೆ ಕಟ್ಟಲು ನಾನು ಕೇಳುತ್ತಿಲ್ಲ.

ಆದರೆ ಲೆಕ್ಕ ನೋಡಿದರೆ ಬೇರೆಯೇ ಕಾಣುತ್ತದೆ. 2024ರಲ್ಲಿ ನಮ್ಮ ಕ್ಷೇತ್ರದಲ್ಲಿ ಇದ್ದ ಮತದಾರರು ಸುಮಾರು 28 ಲಕ್ಷ. ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಈ ಮೂರರಲ್ಲೇ ಅರ್ಧಕ್ಕಿಂತ ಜಾಸ್ತಿ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಒಂದರಲ್ಲೇ 6 ಲಕ್ಷಕ್ಕೂ ಹೆಚ್ಚು ಮತದಾರರು. ಕುಣಿಗಲ್, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಐದೂ ಸೇರಿದರೂ ಆ ಮೂರರ ಸಮ ಆಗುವುದಿಲ್ಲ. 2001ರ ಜನಗಣತಿಯಲ್ಲಿ ಸಮವಾಗಿ ಹಂಚಿದ್ದು ಇಷ್ಟು ಬೇಗ ಒಂದು ಕಡೆ ವಾಲಿದೆ. ನಿಮ್ಮ ಗೆರೆಯೂ ವಾಲುತ್ತದೆ, ಬೆಂಗಳೂರು ಬೆಳೆಯುವುದನ್ನು ಯಾರೂ ನಿಲ್ಲಿಸಲಾರರು. ಆದರೆ ಎಲ್ಲಿ ಬೆಳೆಯುತ್ತಿದೆ ಅಂತ ಈಗಲೇ ಕಾಣುತ್ತಿದೆಯಲ್ಲ? ಬನ್ನೇರುಘಟ್ಟ ರಸ್ತೆ, ಹೊಸೂರು ರಸ್ತೆ, ಕನಕಪುರ ರಸ್ತೆ, ಮೆಟ್ರೊ ಚಲ್ಲಘಟ್ಟದ ತನಕ ಬಂದ ಮೇಲೆ ಮೈಸೂರು ರಸ್ತೆ. ಅದನ್ನು ಕಣ್ಣಲ್ಲಿಟ್ಟುಕೊಂಡು ಗೆರೆ ಎಳೆಯಿರಿ.

ಪಕ್ಕದ ಬೆಂಗಳೂರು ಉತ್ತರದ್ದು ಇನ್ನೂ ದೊಡ್ಡದು, 32 ಲಕ್ಷದ ಹತ್ತಿರ ಮತದಾರರು. ಉಡುಪಿ–ಚಿಕ್ಕಮಗಳೂರಿನಲ್ಲಿ 16 ಲಕ್ಷದ ಆಸುಪಾಸು. ಸಂಸದರ ನಿಧಿ ಮಾತ್ರ ಎಲ್ಲರಿಗೂ ವರ್ಷಕ್ಕೆ 5 ಕೋಟಿ. ಅದೇ 5 ಕೋಟಿಯಲ್ಲಿ ನಮ್ಮವರು ಕುಣಿಗಲ್‌ನ ಶಾಲೆ ಕೊಠಡಿಯನ್ನೂ ನೋಡಬೇಕು, ಲಗ್ಗೆರೆಯ ಬಸ್ ತಂಗುದಾಣವನ್ನೂ ನೋಡಬೇಕು, ಅತ್ತಿಬೆಲೆಯನ್ನೂ ನೋಡಬೇಕು. ಕುಣಿಗಲ್‌ನಿಂದ ಆನೇಕಲ್‌ಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಮಧ್ಯೆ ಬೆಂಗಳೂರಿನ ಟ್ರಾಫಿಕ್ಕು. ಕ್ಷೇತ್ರ ಹರಡಿರುವುದು ಬೆಂಗಳೂರು ದಕ್ಷಿಣ, ಬೆಂಗಳೂರು ನಗರ, ತುಮಕೂರು ಈ ಮೂರು ಜಿಲ್ಲೆಗಳಲ್ಲಿ. ಮೂವರು ಜಿಲ್ಲಾಧಿಕಾರಿಗಳು, ಮೂರು ಕಡೆ ಸಭೆ. ಕಾಡಂಚಿನ ಹಳ್ಳಿಯಲ್ಲಿ ಆನೆ ತುಳಿದ ರಾಗಿ ಹೊಲಕ್ಕೆ ಪರಿಹಾರ ಬಂದಿಲ್ಲ ಅಂತ ಹೇಳಿಕೊಳ್ಳಲು ಕಾಯುವವರ ಸಾಲು, ಮಳೆನೀರು ಬೇಸ್‌ಮೆಂಟಿಗೆ ನುಗ್ಗಿದೆ ಅಂತ ಕಾಯುವವರ ಸಾಲು, ಎರಡೂ ಒಬ್ಬರ ಬಾಗಿಲಲ್ಲೇ.

ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಅನ್ನುವ ದೊಡ್ಡ ಚರ್ಚೆ ನಡೆಯುತ್ತಿದೆ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಅದರಿಂದಲೇ ನಷ್ಟ ಆಗಬಾರದು ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಅದನ್ನು ಹೇಳಲು ನನಗಿಂತ ದೊಡ್ಡವರಿದ್ದಾರೆ. ನಾನು ಬರೆಯುತ್ತಿರುವುದು ರಾಜ್ಯದ ಒಳಗಿನ ಗೆರೆಯ ಬಗ್ಗೆ. ಕರ್ನಾಟಕಕ್ಕೆ 1977ರಿಂದ ಇರುವ 28 ಸ್ಥಾನ ಹಾಗೇ ಉಳಿದರೂ, ಹೆಚ್ಚಾದರೂ, ಈ ಗೆರೆಗಳು ಬದಲಾಗುತ್ತವೆ. ದೊಡ್ಡ ಗಲಾಟೆಯಲ್ಲಿ ಈ ಸಣ್ಣ ಗೆರೆಗಳನ್ನು ಯಾರೂ ನೋಡದೇ ಹೋದಾರು ಅಂತ ನನಗೆ ಭಯ.

ನಾನು ಕೇಳುತ್ತಿರುವುದು ಹೊಸದೇನಲ್ಲ. 2002ರ ಕ್ಷೇತ್ರ ಮರುವಿಂಗಡಣಾ ಕಾಯ್ದೆಯಲ್ಲೇ ಇದೆ. ಕ್ಷೇತ್ರ ಸಾಧ್ಯವಾದಷ್ಟು ಒತ್ತಾಗಿರಬೇಕು. ಬೆಟ್ಟ, ಹೊಳೆಯಂಥ ನೆಲದ ಲಕ್ಷಣ ನೋಡಬೇಕು, ಈಗಿರುವ ಆಡಳಿತದ ಎಲ್ಲೆ ನೋಡಬೇಕು, ಹೋಗಿಬರುವ ಅನುಕೂಲ ಮತ್ತು ಜನರ ಅನುಕೂಲ ನೋಡಬೇಕು. ಒಳ್ಳೆಯ ಮಾತುಗಳು. ಬಿಡದಿ ಬಸ್ಸಿನಲ್ಲಿ ಕೂತು ಈ ಮಾತುಗಳನ್ನು ಓದಿಕೊಳ್ಳಿ ಅಂತ ನಿಮ್ಮನ್ನು ಕೈಮುಗಿದು ಕೇಳುತ್ತೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕನ್ನೂ ಒಟ್ಟಿಗೇ ಇಡಿ. ಹತ್ತೊಂಬತ್ತನೇ ಶತಮಾನದಲ್ಲಿ ರಾಮನಗರ ಕ್ಲೋಸ್‌ಪೇಟೆ ಆಗಿದ್ದಾಗಲೂ, ಆಮೇಲೆ ಜಿಲ್ಲೆಗಳು ಮೂರು ಸಲ ಬದಲಾದಾಗಲೂ ಈ ನಾಲ್ಕು ಊರಿನ ಸಂತೆ, ಸಂಬಂಧ, ಗೂಡಿನ ವ್ಯಾಪಾರ ಒಂದರೊಳಗೊಂದು ಬೆರೆತೇ ಇವೆ. ಇವುಗಳ ಜೊತೆ ಯಾವುದನ್ನು ಸೇರಿಸಿದರೂ ಅದು ಪಕ್ಕದ್ದಾಗಿರಲಿ, ಒಂದು ಬಸ್ಸಿನಲ್ಲಿ ಹೋಗಿಬರುವಂಥದ್ದಾಗಿರಲಿ. ಕುಣಿಗಲ್‌ನವರು ಏನು ಹೇಳುತ್ತಾರೆ ಅಂತ ಕುಣಿಗಲ್‌ನಲ್ಲೇ ಕೇಳಿ. ಅವರ ಪರವಾಗಿ ಮಾತಾಡಲು ನಾನು ಯಾರು? ರಾಜರಾಜೇಶ್ವರಿನಗರ, ಕೆಂಗೇರಿ, ನಾಯಂಡಹಳ್ಳಿ ಒಂದೇ ಊರಿನಂತೆ ಬೆಳೆದಿವೆ. ಅವನ್ನು ಮೂರು ಲೋಕಸಭೆಗೆ ಹಂಚಿ ಹಾಕಬೇಡಿ. ನಾನಿರುವ ಮನೆ ನಾನು ಹುಟ್ಟಿದ ಊರಿನ ಕ್ಷೇತ್ರದಿಂದ ಆಚೆ ಹೋದರೆ ನನಗೆ ಬೇಜಾರಾಗುತ್ತದೆ, ನಿಜ. ಆದರೂ ಅದೇ ಸರಿ.

ಹೆಸರು ಬದಲಿಸಿ. ಹುಟ್ಟೂರಿನ ಮೋಹಕ್ಕೆ ನನಗೆ ಕನಕಪುರ ಅಂತಲೇ ಆಸೆ. ಎಲ್ಲರಿಗೂ ಮಧ್ಯದಲ್ಲಿರುವುದು ರಾಮನಗರ, ರೈಲೂ ಇದೆ, ಹೆದ್ದಾರಿಯೂ ಇದೆ. ಅದಾದರೂ ಸಂತೋಷ. ಇನ್ನೊಂದು ದಿಕ್ಕಿನ ಹೆಸರು ಮಾತ್ರ ಬೇಡ. ಬೆಂಗಳೂರಿಗೆ ಎಷ್ಟು ದಿಕ್ಕಿದೆಯೋ ಅಷ್ಟೂ ಖರ್ಚಾಗಿವೆ. ನೆಲ ಬದಲಾಗುತ್ತದೆ, ದಿಕ್ಕು ತಪ್ಪುತ್ತದೆ, ಊರಿನ ಹೆಸರು ಊರಲ್ಲೇ ಇರುತ್ತದೆ. ವಿಧಾನಸಭಾ ಕ್ಷೇತ್ರಗಳಿಗೂ ಇದೇ ಕೋರಿಕೆ. ಒಂದು ಲೋಕಸಭೆಯ ಹೆಸರನ್ನೇ ಇನ್ನೊಂದು ಲೋಕಸಭೆಯ ಒಳಗಿರುವ ವಿಧಾನಸಭೆಗೆ ಇಡಬೇಡಿ. ಓಟಿನ ದಿನ ಬಾಗಿಲಲ್ಲಿ ನಿಂತು ವಿವರಿಸಬೇಕಾದವರು ನಮ್ಮಂಥ ಶಿಕ್ಷಕರು, ಅಂಗನವಾಡಿಯವರು.

ಕೊನೆಯದಾಗಿ ಸಭೆಗಳ ವಿಷಯ. ಕಾಯ್ದೆಯ ಪ್ರಕಾರ ನೀವು ಕರಡು ಪ್ರಕಟಿಸಬೇಕು, ಸಾರ್ವಜನಿಕ ಸಭೆ ನಡೆಸಿ ಆಕ್ಷೇಪಣೆ ಕೇಳಬೇಕು. ಸಂಸದರು, ಶಾಸಕರು ಸಹ ಸದಸ್ಯರಾಗಿ ನಿಮ್ಮ ಜೊತೆ ಕೂರುತ್ತಾರೆ. ಅವರಿಗೆ ತಮ್ಮ ಕ್ಷೇತ್ರ ಚೆನ್ನಾಗಿ ಗೊತ್ತು, ಆದರೆ ಅವರಿಗೆ ಬೇಕಾದ ಗೆರೆ ಬೇರೆ, ನಮಗೆ ಬೇಕಾದ ಗೆರೆ ಬೇರೆ ಇರಬಹುದು. ಕಳೆದ ಸಲ ಸಭೆ ಯಾವಾಗ ಆಯಿತು ಅಂತ ನಮ್ಮ ಹಳ್ಳಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಈ ಸಲ ಒಂದು ಸಭೆಯನ್ನಾದರೂ ತಾಲ್ಲೂಕು ಊರಿನಲ್ಲಿ ಇಡಿ. ಕರಡನ್ನು ಕನ್ನಡದಲ್ಲಿ ಕೊಡಿ. ವಾರ್ಡ್ ನಂಬರ್, ಜನಗಣತಿ ಬ್ಲಾಕ್ ನಂಬರ್ ಮಾತ್ರ ಇದ್ದರೆ ನಮಗೆ ಅರ್ಥವಾಗುವುದಿಲ್ಲ. ಹಳ್ಳಿಯ ಹೆಸರು, ಬಡಾವಣೆಯ ಹೆಸರು ಬರೆದು ಪಂಚಾಯಿತಿ ಕಚೇರಿ ಗೋಡೆಗೆ, ಹಾಲಿನ ಡೈರಿ ಗೋಡೆಗೆ ಅಂಟಿಸಿ. ಬೆಳಗ್ಗೆ ಆರು ಗಂಟೆಗೆ ಡೈರಿ ಮುಂದೆ ಇಡೀ ಊರು ಇರುತ್ತದೆ.

ನಾನು ಈಗಿನಿಂದಲೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸಾತನೂರು ಹೋಬಳಿಯ ಹಳ್ಳಿಗಳ ಹೆಸರು ಒಂದು ಪುಟದಲ್ಲಿ, ಪಕ್ಕದ ಪುಟದಲ್ಲಿ ಆ ಹಳ್ಳಿಯವರು ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಯಾವ ಊರಿಗೆ ಹೋಗುತ್ತಾರೆ ಅಂತ. ಅಣ್ಣನ ಮಗ ಊರಿಂದ ಫೋನ್ ಮಾಡಿ ಬರೆಸುತ್ತಿದ್ದಾನೆ. ಬಿಡದಿ ಹೋಬಳಿಯದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬರೆದುಕೊಡುತ್ತೇವೆ ಅಂದಿದ್ದಾರೆ. ನೀವು ಸಭೆ ಎಲ್ಲಿ ಇಟ್ಟರೂ ಅದನ್ನು ತಂದುಕೊಡುತ್ತೇನೆ. ಕನಕಪುರದಲ್ಲೋ ರಾಮನಗರದಲ್ಲೋ ಇಟ್ಟರೆ, 2009ರಲ್ಲಿ ಬೆರಳು ನೋಡುತ್ತಾ ನಿಂತಿದ್ದರಲ್ಲ ಆ ಯಜಮಾನರು, ಅವರ ಮೊಮ್ಮಗನನ್ನೂ ಹುಡುಕಿ ಕರೆದುಕೊಂಡು ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಶಾಲಾ ಶಿಕ್ಷಕಿ,
23ನೇ ಲೋಕಸಭಾ ಕ್ಷೇತ್ರದ ಮತದಾರರು